ಜೋಳದ ಹೊಲದಲ್ಲಿ ತೂಗಿದ ಪ್ಲೇಟು

ಹೋದ ತಿಂಗಳು ಯರಗಟ್ಟಿಯ ಸಂತೆಗೆ ಹೊರಟಿದ್ದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಊರು ಹತ್ತಿರ ಬರುವಾಗ ರಸ್ತೆ ಬದಿಯ ಹೊಲದಲ್ಲಿ ಏನೋ ಫಳ್ಳನೆ ಹೊಳೆದು ಕಣ್ಣಿಗೆ ಹೊಡೆಯಿತು. ನೋಡಿದರೆ ತೆನೆ ಬಿಟ್ಟ ಜೋಳದ ನಡುವೆ ಕೋಲು ನೆಟ್ಟು, ದಾರ ಕಟ್ಟಿ, ಹಳೆಯ ಸಿ.ಡಿ.ಗಳನ್ನು ಸಾಲಾಗಿ ತೂಗಿಬಿಟ್ಟಿದ್ದರು. ಗಾಳಿಗೆ ಅವು ಗರಗರ ತಿರುಗುತ್ತಿದ್ದವು. ಹಕ್ಕಿಗಳನ್ನು ಅಂಜಿಸುವ ಉಪಾಯ.

"ಯಾಂವೋ ಭಾಳ ಶಾಣ್ಯಾ ಇರಬೇಕ ನೋಡ್ರಿ," ಎಂದ ಪಕ್ಕದಲ್ಲಿ ಕುಳಿತಿದ್ದವನು.

ಆ ಶಾಣ್ಯಾತನವನ್ನು ನಾನು ಬಹಳ ವರ್ಷಗಳ ಹಿಂದೆಯೇ ಮಾಡಿ ಮುಗಿಸಿದ್ದೆ... ಸಂತೆಯಲ್ಲಿ ಏನು ಕೊಳ್ಳಬೇಕೆಂದು ಬಂದಿದ್ದೆನೋ ಅದೂ ಮರೆತುಹೋಯಿತು. ಖಾಲಿ ಚೀಲ ಹಿಡಿದುಕೊಂಡೇ ನಮ್ಮೂರು ಸಂಪಗಾಂವಕ್ಕೆ ತಿರುಗಿ ಬಂದೆ.

ನನಗೊಬ್ಬ ಅಕ್ಕ ಇದ್ದಳು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆಕೆಯೇ. ಲಗ್ನವಾದ ಸ್ವಲ್ಪ ದಿನದಲ್ಲೇ ಗಂಡ ತೀರಿಕೊಂಡ. ಆಮೇಲೆ ಬೈಲಹೊಂಗಲದಲ್ಲಿ ಒಬ್ಬ ಡಾಕ್ಟರಬಾಯಿಯ ಮನೆಗೆ ಅಡುಗೆ ಕೆಲಸಕ್ಕೆ ಸೇರಿದಳು. ಡಾಕ್ಟರಬಾಯಿ ಫ್ರಾನ್ಸ್ ದೇಶದವಳು. ಮನೆಗೆ ಅಂಟಿಕೊಂಡೇ ಹೆರಿಗೆಯ ಸಣ್ಣ ದವಾಖಾನೆ ನಡೆಸುತ್ತಿದ್ದಳು. ರೊಟ್ಟಿ ಬಡಿಯಲು ಹೋದ ಅಕ್ಕ ಅಲ್ಲಿ ಕೂಸು ಹಿಡಿಯುವುದನ್ನೂ ಕಲಿತಳು.

ಕೆಲಸ ಮುಗಿದ ಮೇಲೆ ಡಾಕ್ಟರಬಾಯಿ ಗ್ರಾಮಫೋನಿನ ಪ್ಲೇಟು ಹಾಕಿಕೊಂಡು ಕೂರುತ್ತಿದ್ದಳಂತೆ. ಆಕೆಯ ದೇಶದವರು ಕಟ್ಟಿದ ಸಂಗೀತ. ಒಂದು ಊರಿನಷ್ಟು ಜನ ಕೂಡಿ ಬಾರಿಸುವಂಥದ್ದು. ಬಾಯಿ ಬಿಟ್ಟು ಹಾಡುವವರು ಒಬ್ಬರೂ ಇಲ್ಲ. ಮೊದಮೊದಲು ಅಕ್ಕ ಅಡುಗೆಮನೆಯಲ್ಲಿ ನಿಂತು ಕೇಳಿದಳು, ಆಮೇಲೆ ಹೊಸ್ತಿಲಲ್ಲಿ, ಆಮೇಲೆ ಡಾಕ್ಟರಬಾಯಿಯೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ವಯಸ್ಸಾಗಿ ದವಾಖಾನೆ ಮುಚ್ಚಿ ತನ್ನ ದೇಶಕ್ಕೆ ಹೊರಟಾಗ, "ನಿನಗೇನು ಬೇಕು" ಎಂದು ಆಕೆ ಅಕ್ಕನನ್ನು ಕೇಳಿದಳು. ಹೊಲಿಗೆ ಮಷೀನು ಕೇಳುತ್ತಾಳೆ ಎಂದು ನಾವೆಲ್ಲ ಲೆಕ್ಕ ಹಾಕಿದ್ದೆವು. ಅಕ್ಕ ಪ್ಲೇಟು ಕೇಳಿದಳು.

ಹಾಗೆ ಆಕೆ ಒಂದು ಟ್ರಂಕು, ಒಂದು ರಿಕಾರ್ಡ್ ಪ್ಲೇಯರು, ಒಂದು ಕಟ್ಟು ಪ್ಲೇಟು ತೆಗೆದುಕೊಂಡು ನಮ್ಮ ಮನೆಗೆ ಬಂದಳು. ಪ್ಲೇಟಿನ ಮೇಲಿದ್ದ ಹೆಸರು ಓದಲು ಆಕೆಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು. ಅದಕ್ಕೆ ಅಕ್ಕ ತಾನೇ ಹೆಸರಿಟ್ಟಿದ್ದಳು. ಒಂದು ನೀರಿನ ಪ್ಲೇಟು. ಅದು ಸಮುದ್ರದ ಮೇಲಿನದಂತೆ, ಡಾಕ್ಟರಬಾಯಿ ಹೇಳಿದ್ದಳಂತೆ. ಅಕ್ಕ ಸಮುದ್ರ ಕಂಡವಳಲ್ಲ. "ಸವದತ್ತಿ ಡ್ಯಾಮಿನ ನೀರ ಗಾಳಿ ಬಿಟ್ಟಾಗ ಹೆಂಗ ಏಳತೈತಿ, ಹಂಗ," ಎನ್ನುತ್ತಿದ್ದಳು. ಇನ್ನೊಂದು ಪೆಟಗಿ ಪ್ಲೇಟು. ಅದರಲ್ಲಿ ಭಜನೆಯ ಪೆಟಗಿಯಂಥದೇ ವಾದ್ಯ, ಆದರೆ ಮನೆಯಷ್ಟು ದೊಡ್ಡದು. ಅದು ದನಿ ತೆಗೆದರೆ ನಮ್ಮ ಗೋಡೆಯ ಮಾಡದಲ್ಲಿದ್ದ ಹಿತ್ತಾಳೆಯ ಚೆರಗಿ ತಂಬಿಗೆಗಳು ಗುಂಯ್‌ಗುಡುತ್ತಿದ್ದವು.

ಆದರೆ ಆಕೆಯ ಜೀವ ಇದ್ದದ್ದು ಸನಾದಿ ಪ್ಲೇಟಿನಲ್ಲಿ. ಅದರ ಎರಡನೆಯ ಮಗ್ಗಲು ಹಾಕಿದ ಕೂಡಲೇ ಮೊದಲು ತಂತಿಗಳನ್ನು ಬೆರಳಿನಿಂದ ಮೀಟುವ ಸದ್ದು. ಖಾಲಿ ಕೊಡಕ್ಕೆ ನೀರು ಹನಿಹನಿಯಾಗಿ ಬಿದ್ದಂತೆ. ಆಮೇಲೆ ಅದರ ಮೇಲೆ ಒಂದೇ ಒಂದು ದನಿ ಏಳುತ್ತದೆ. ನಮ್ಮ ಕಡೆ ಲಗ್ನದಲ್ಲಿ ಊದುವ ಸನಾದಿಯ ಹಾಗೆ, ಆದರೆ ಅದಕ್ಕಿಂತ ತುಸು ತಗ್ಗು, ತುಸು ಮೆತ್ತಗೆ. ಮನೆಮಂದಿಯೆಲ್ಲ ಮಲಗಿದ ಮೇಲೆ ಯಾರೋ ಒಬ್ಬರೇ ತಮ್ಮಷ್ಟಕ್ಕೆ ಮಾತಾಡಿಕೊಂಡ ಹಾಗೆ... ಇದನ್ನೆಲ್ಲ ನಾನು ಆಕೆಯ ಬಾಯಿಂದ ಕೇಳಿ ಹೇಳುತ್ತಿದ್ದೇನೆ. ಪ್ಲೇಟಿನಿಂದ ಕೇಳಿ ಅಲ್ಲ.

ಆ ಸನಾದಿ ಒಂದು ಕಡೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತದಂತೆ. ಅಲ್ಲಿ, ಆ ಕ್ಷಣದಲ್ಲಿ, ದೂರ ಎಲ್ಲೋ ಕುಳಿತ ಒಬ್ಬ ಮನುಷ್ಯ ಕೆಮ್ಮುತ್ತಾನೆ. ಪ್ಲೇಟು ಮಾಡುವಾಗ ಎದುರು ಕುಳಿತು ಕೇಳುತ್ತಿದ್ದ ಯಾರೋ ಒಬ್ಬ. ಅಕ್ಕನಿಗೆ ಆ ಕೆಮ್ಮು ಬಹಳ ಪ್ರೀತಿ. ಅಂಗಳದಲ್ಲಿದ್ದ ನನ್ನನ್ನು ಕೂಗುತ್ತಿದ್ದಳು.

"ತಮ್ಮಾ, ಬಾ ಬಾ... ಈಗ ಕೆಮ್ಮತಾನ ನೋಡು. ಹಾಂ! ಕೇಳಿಸ್ತೇನೋ?"

"ಕೇಳಿಸ್ತು ಯಕ್ಕಾ."

"ಪಾಪ, ಆ ಮನಶ್ಯಾ ಯಾವಾಗರ ಸತ್ತ ಹೋಗಿರಬೇಕು. ಕೆಮ್ಮ ಉಳದೈತಿ ನೋಡು."

ನನಗೆ ಒಂದು ದಿನವೂ ಕೇಳಿಸಿರಲಿಲ್ಲ. ಹಗ್ಗ ಹೊಸೆಯುತ್ತಲೋ ಎತ್ತಿನ ಮೈ ಉಜ್ಜುತ್ತಲೋ ಇದ್ದಲ್ಲಿಂದಲೇ "ಕೇಳಿಸ್ತು" ಎಂದುಬಿಡುತ್ತಿದ್ದೆ. ಒಳಗೆ ಹೋಗಿ ಕುಳಿತರೆ ಪೂರಾ ಮಗ್ಗಲು ಮುಗಿಯುವ ತನಕ ಏಳಲು ಬಿಡುವವಳಲ್ಲ. ಕರೆಂಟಿನದೂ ಒಂದು ನೆಪವಿತ್ತು. ಆಗ ನಮ್ಮೂರಿಗೆ ಕರೆಂಟು ಬರುವುದೇ ಅಪರೂಪ. ಬಂತೆಂದರೆ ನಾನು ಪಂಪು ಹಚ್ಚಲು ಹೊಲಕ್ಕೆ ಓಡಬೇಕು, ಆಕೆ ಪ್ಲೇಟು ಹಚ್ಚಲು ಒಳಗೆ ಓಡಬೇಕು. ಊರಿನ ಪಂಪೆಲ್ಲ ಒಮ್ಮೆಲೇ ಶುರುವಾದರೆ ವೋಲ್ಟೇಜು ಬಿದ್ದು ಆಕೆಯ ಸನಾದಿ ಎಳೆಯತೊಡಗುತ್ತಿತ್ತು. "ನಿಮ್ಮ ಪಂಪ ನನ್ನ ಸನಾದಿ ಕುತಗಿ ಹಿಚಕತಾವ ನೋಡೋ," ಎಂದು ನಗುತ್ತಿದ್ದಳು. ಆದರೆ ಪಂಪು ಹಚ್ಚುವ ಕೆಲಸವಿಲ್ಲದ ಮಳೆಗಾಲವೂ ವರ್ಷಕ್ಕೊಮ್ಮೆ ಬರುತ್ತಲೇ ಇತ್ತು. ಆಗಲೂ ನಾನು ಒಳಗೆ ಹೋಗಲಿಲ್ಲ.

ಊರವರು ಕಾಡುತ್ತಿದ್ದರು. ಓಣಿಯಲ್ಲಿ ಹಾಯುವ ಹುಡುಗರು, "ಅಕ್ಕಾರ, ಇವತ್ತ ಯಾರ ಲಗ್ನರಿ? ಬ್ಯಾಂಡ ಜೋರ ಐತಲ್ಲ!" ಎನ್ನುತ್ತಿದ್ದರು. "ನಿಂದ ಐತೋ. ಲಗೂನ ಹೋಗಿ ಅರಿಷಿಣ ಹಚಗೋ," ಎಂದು ಅಕ್ಕ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು. ಆಕೆಗೆ ನಾಚಿಕೆ ಇರಲಿಲ್ಲ. ನಾಚಿಕೆ ಇದ್ದದ್ದು ನನಗೆ.

ಪ್ಲೇಟು ಹಚ್ಚುವ ಮುಂಚೆ ಆಕೆ ಕೈ ತೊಳೆದುಕೊಂಡು ಒರೆಸಿಕೊಳ್ಳುತ್ತಿದ್ದಳು. ಅಂಚು ಬಿಟ್ಟು ಬೇರೆಲ್ಲೂ ಬೆರಳು ತಾಗಿಸುತ್ತಿರಲಿಲ್ಲ. ಅಪ್ಪನ ಹಳೆಯ ಧೋತರದ ಮೆತ್ತನೆಯ ತುಂಡಿನಿಂದ, ಗೆರೆ ಹೋದ ಕಡೆಗೇ ಸುತ್ತಲೂ ಒರೆಸುತ್ತಿದ್ದಳು. ಹಸಿಗೂಸಿಗೆ ಎಣ್ಣೆ ಹಚ್ಚುವವರ ಹಾಗೆ. ಬಿಸಿಲು ಬೀಳುವ ಕಡೆ ಎಂದೂ ಇಡುತ್ತಿರಲಿಲ್ಲ.

ಒಂದು ವರ್ಷ ಪ್ಲೇಯರಿನ ಸೂಜಿ ಸವೆದು ಹೋಯಿತು. ಬೈಲಹೊಂಗಲದಲ್ಲಿ ಅಂಥ ಸೂಜಿ ಸಿಗಲಿಲ್ಲ. ಅಕ್ಕ ಪ್ಲೇಟುಗಳನ್ನು ಕಾಗದದ ಚೀಲಗಳಲ್ಲಿ ಹಾಕಿ ಟ್ರಂಕಿನಲ್ಲಿಟ್ಟಳು. ಮನೆ ಸುಮ್ಮನಾಯಿತು. ಚಳಿಗಾಲದಲ್ಲಿ ಕಿತ್ತೂರಿನ ಕಡೆಯ ಸಂಬಂಧಿಕರ ಮನೆಯಲ್ಲಿ ಹೆರಿಗೆ ಇದೆಯೆಂದು ಆಕೆಯನ್ನು ಕರೆಸಿಕೊಂಡರು. ಬಾಣಂತನ ಮುಗಿಸಿಯೇ ಬರುವೆನೆಂದು ಹೋದಳು.

ಆಗ ನಮ್ಮ ಬಿಳಿಜೋಳ ಹಾಲುಗಾಳಿನ ಹಂತಕ್ಕೆ ಬಂದಿತ್ತು. ಗುಬ್ಬಿಗಳ ಹಿಂಡು ಬಂದು ಇಳಿದರೆ ತೆನೆಯೆಲ್ಲ ಬೋಳು. ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಬೀಸಿ ನನ್ನ ರಟ್ಟೆ ಬಿದ್ದುಹೋದವು. ಮಧ್ಯಾಹ್ನ ಊಟಕ್ಕೆ ಬಂದಾಗ ಟ್ರಂಕು ಕಣ್ಣಿಗೆ ಬಿತ್ತು. ಒಳಗೆ ಪ್ಲೇಟುಗಳು. ಕರ್ರಗೆ, ದುಂಡಗೆ, ಬಿಸಿಲಿಗೆ ಹಿಡಿದರೆ ಹೊಳೆಯುವಂಥವು. ನಡುವೆ ದಾರ ಹಾಕಲು ತೂತೂ ಇತ್ತು...

ಸೂಜಿಯೇ ಇಲ್ಲ, ಹೇಗೂ ಹಾಡುವುದಿಲ್ಲ, ಬಿದ್ದಿರುವ ಸಾಮಾನು ಉಪಯೋಗಕ್ಕೆ ಬಂತು ಎಂದು ಆಮೇಲೆ ಕೇಳಿದವರಿಗೆಲ್ಲ ಹೇಳಿದೆ. ಅದು ಅರ್ಧ ನಿಜ. ಉಳಿದರ್ಧವನ್ನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ. ಆ ಸದ್ದು ನಿಂತ ಮೇಲೆ ನನಗೆ ಹಾಯೆನಿಸಿತ್ತು. ಪ್ಲೇಟಿನ ಮುಂದೆ ಕಣ್ಣು ಮುಚ್ಚಿ ಕುಳಿತ ಅಕ್ಕ ನನ್ನ ಅಕ್ಕನ ಹಾಗೆ ಕಾಣುತ್ತಿರಲಿಲ್ಲ. ನನ್ನನ್ನು ಹೊತ್ತು ತಿರುಗಿದವಳು ನಾನು ಬರಲಾರದ ಯಾವುದೋ ಊರಿಗೆ ಹೋಗಿ ಕುಳಿತಿದ್ದಾಳೆ ಎನಿಸುತ್ತಿತ್ತು. ಆಕೆ ಕರೆದಾಗ ಎರಡು ಹೆಜ್ಜೆ ಒಳಗೆ ಹೋಗಿದ್ದರೆ ಆ ಊರು ಸಿಗುತ್ತಿತ್ತೇನೋ. ಹೋಗುವ ಬದಲು ಆ ಊರನ್ನೇ ತಂದು ಹೊಲದಲ್ಲಿ ನೇತುಹಾಕಿದೆ. ಪ್ಲೇಟಿಗೆ ಅಂಗೈ ಒತ್ತಿ ಹಿಡಿದುಕೊಂಡು, ಕೈಯ ಮಣ್ಣೂ ತೊಳೆಯದೆ.

ಅಕ್ಕ ಹೇಳಿದ ದಿನಕ್ಕಿಂತ ಮೊದಲೇ ಬಂದಳು. ಬಸ್ಸಿಳಿದು ಹೊಲದ ದಾರಿಯಿಂದಲೇ ಬರುತ್ತಿದ್ದಳು. ನಾನು ಅಟ್ಟಣಿಗೆಯ ಮೇಲಿಂದ ನೋಡಿದೆ. ಬದುವಿನ ಹತ್ತಿರ ಬಂದವಳು ನಿಂತುಬಿಟ್ಟಳು. ಪ್ಲೇಟುಗಳು ಗಾಳಿಗೆ ತಿರುಗುತ್ತಿದ್ದವು. ಆಮೇಲೆ ಬದುವಿನ ಮೇಲೆ ಮೆಲ್ಲಗೆ ಕುಳಿತಳು. ನಾನು ಇಳಿದು ಹೋಗಿ ಎದುರು ನಿಂತೆ. ಬೈಯುತ್ತಾಳೆ ಎಂದು ಕಾದೆ.

"ಗುಬ್ಬಿ ಅಂಜಿದ್ವೇನೋ ತಮ್ಮಾ?" ಎಂದಳು.

"ಮೊದಲ ಎರಡ ದಿನ ಅಂಜಿದ್ವು ಯಕ್ಕಾ."

"ಆಮ್ಯಾಲ?"

"ಆಮ್ಯಾಲ ರೂಢಿ ಆತು."

"ಹೂಂ," ಎಂದಳು. "ನಿನಗ ಆಗಿತ್ತಲ್ಲ, ಹಂಗ."

ಅಷ್ಟೇ. ಜೀವಮಾನದಲ್ಲಿ ಆ ವಿಷಯಕ್ಕೆ ಆಕೆ ನನಗೆ ಅಂದದ್ದು ಅಷ್ಟೇ.

ಎದ್ದು ಒಂದೊಂದನ್ನೇ ಬಿಚ್ಚಿಕೊಂಡಳು. ಸೆರಗಿನಿಂದ ಧೂಳು ಒರೆಸಿದಳು, ಅಲ್ಲಿಯೂ ಗೆರೆ ಹೋದ ಕಡೆಗೇ. ನೀರಿನ ಪ್ಲೇಟು ಕೋಲಿಗೆ ಬಡಿದು ಸೀಳಿತ್ತು. ಪೆಟಗಿ ಪ್ಲೇಟು ಬಿಸಿಲಿಗೆ ಬಟ್ಟಲಿನ ಹಾಗೆ ಮಡಚಿಕೊಂಡಿತ್ತು. ಸನಾದಿ ಪ್ಲೇಟು ಒಡೆದಿರಲಿಲ್ಲ, ಆದರೆ ಅಂಚೆಲ್ಲ ಅಲೆಅಲೆಯಾಗಿತ್ತು. ಮಂಜಿಗೆ ನೆನೆದು ನಡುವಿನ ಚೀಟಿಯ ಅಕ್ಷರ ಅಳಿಸಿಹೋಗಿತ್ತು.

ಅಂದು ಸಂಜೆ ಆಕೆ ಸೆರಗಿನ ಗಂಟು ಬಿಚ್ಚಿ ಹತ್ತಿಯಲ್ಲಿ ಸುತ್ತಿದ ಒಂದು ಸಣ್ಣ ವಸ್ತು ತೆಗೆದಳು. ಸೂಜಿ. ಬಾಣಂತನ ಮಾಡಿದ್ದಕ್ಕೆ ಸೀರೆ ಉಡಿಸುತ್ತೇವೆ ಎಂದ ಆ ಮನೆಯವರಿಗೆ, "ಸೀರಿ ಬ್ಯಾಡ, ಬೆಳಗಾವಿಯಿಂದ ಇದೊಂದು ತರಿಸಿ ಕೊಡ್ರಿ" ಎಂದಿದ್ದಳಂತೆ. ಅದು ಕೈಗೆ ಬಂದದ್ದಕ್ಕೇ ಬೇಗ ಹೊರಟು ಬಂದಿದ್ದಳು.

ಆಕೆ ಸನಾದಿ ಪ್ಲೇಟನ್ನು ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಬೀಸುಕಲ್ಲು ಹೇರಿದಳು. ಎಷ್ಟೋ ದಿನ ಹಾಗೇ ಇಟ್ಟಳು. ಪೂರ್ತಿ ಸರಿಯಾಗಲಿಲ್ಲ. ಪ್ಲೇಟು ಹಾಡುವುದು ಅಂಚಿನಿಂದ ಒಳಕ್ಕೆ. ಅಂಚಿನಲ್ಲಿ ಸೂಜಿ ನಿಲ್ಲುತ್ತಲೇ ಇರಲಿಲ್ಲ, ಎಗರಿ ಬೀಳುತ್ತಿತ್ತು. ಸನಾದಿ ಇದ್ದದ್ದು ಅಲ್ಲಿಯೇ. ಬಿಸಿಲು ಮೊದಲು ತಿಂದದ್ದೂ ಅಲ್ಲಿಯೇ. ನಡುಮಧ್ಯದಿಂದ ಒಳಕ್ಕೆ ಮಾತ್ರ ಹೇಗೋ ಹಾಡುತ್ತಿತ್ತು, ತೊಟ್ಟಿಲು ತೂಗಿದ ಹಾಗೆ ಏಳುತ್ತ ಬೀಳುತ್ತ. ಅಕ್ಕ ಕರೆಂಟು ಬಂದಾಗ ಅಷ್ಟನ್ನೇ ಹಚ್ಚಿಕೊಂಡು ಕೂರುತ್ತಿದ್ದಳು.

ಆಗ ನಾನು ಕೆಲಸ ಬಿಟ್ಟು ಅಂಗಳದಲ್ಲಿ ಕಾಯುತ್ತಿದ್ದೆ. ಕರೆದರೆ ಹೋಗಬೇಕೆಂದು. ಆಕೆ ನನ್ನ ಮೇಲೆ ಮುನಿಸಿಕೊಂಡಿರಲಿಲ್ಲ. ಬಿಸಿ ರೊಟ್ಟಿ ತಟ್ಟೆಗೆ ಹಾಕುವಾಗ ಮೊದಲಿನ ಹಾಗೇ, "ಇನ್ನೊಂದ ತಿನ್ನೋ," ಎನ್ನುತ್ತಿದ್ದಳು. ನನಗೆ ಜ್ವರ ಬಂದರೆ ಮೊದಲಿನ ಹಾಗೇ ಹಣೆ ಮುಟ್ಟಿ ನೋಡುತ್ತಿದ್ದಳು. ಆದರೆ "ಕೇಳಿಸ್ತೇನೋ" ಎಂದು ಮತ್ತೆ ಎಂದೂ ಕೇಳಲಿಲ್ಲ. ನಾನಾಗಿಯೇ ಎದ್ದು ಒಳಗೆ ಹೋಗಬಹುದಿತ್ತು... ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಹೋಗಲಿಲ್ಲ. ಹಾಗೆಯೇ ವರ್ಷಗಳು ಉರುಳಿದವು. ಒಂದು ಮಳೆಗಾಲದಲ್ಲಿ ಅಕ್ಕ ನಾಲ್ಕು ದಿನ ಮಲಗಿದ್ದು ಹೋಗಿಬಿಟ್ಟಳು. ಪ್ಲೇಯರು ಅದಕ್ಕೂ ಮೊದಲೇ ಕೆಟ್ಟಿತ್ತು.

ಯರಗಟ್ಟಿಯಿಂದ ಬಂದ ಮರುದಿನ ಟ್ರಂಕು ತೆಗೆದೆ. ಧೋತರದ ತುಂಡಿನಲ್ಲಿ ಸುತ್ತಿದ ಸನಾದಿ ಪ್ಲೇಟು ಹಾಗೇ ಇತ್ತು. ಕೈ ತೊಳೆದುಕೊಂಡು, ಅಂಚು ಹಿಡಿದು ಎತ್ತಿದೆ. ಅದನ್ನು ಬೈಲಹೊಂಗಲಕ್ಕೆ ಒಯ್ದೆ. ಅಲ್ಲಿ ಲಗ್ನಗಳಿಗೆ ಸ್ಪೀಕರು ಬಾಡಿಗೆಗೆ ಕೊಡುವ ಹುಡುಗನ ಹತ್ತಿರ, ಅವನ ಅಪ್ಪನ ಕಾಲದ ಪ್ಲೇಯರು ಒಂದಿದೆ.

"ಯಜ್ಜಾ, ಇದ ಹಪ್ಪಳ ಆಗೇತಲ್ರಿ!" ಎಂದ ಅವನು.

"ನಡುವಿಂದ ಹಚ್ಚಿ ನೋಡಪಾ," ಎಂದೆ.

ಹಚ್ಚಿದ. ತೊಟ್ಟಿಲು ತೂಗಿತು. ಅವನು ತನ್ನ ಮೊಬೈಲನ್ನು ಸ್ಪೀಕರಿನ ಹತ್ತಿರ ಹಿಡಿದ. ಮೂರು ನಾಲ್ಕು ಸಲ ತಡವರಿಸಿ ಅದು ಹೇಗೋ ಗುರುತು ಹಿಡಿಯಿತು. "ಫ್ರಾನ್ಸ್ ಕಡೆದ ಐತ್ರಿ ಯಜ್ಜಾ. ಪೂರಾ ಸಿಕ್ತ ನೋಡ್ರಿ. ಎಷ್ಟ ಮಂದಿ ಬಾರಿಸ್ಯಾರ ಇದನ್ನ! ಯಾವದ ಹಚ್ಚಲಿ?"

ಹಳೆಯದು ಯಾವುದಿದೆಯೋ ಅದನ್ನು ಹಚ್ಚು ಎಂದೆ. ಅವನು ಪ್ಲೇಟು ತೆಗೆದು ನನ್ನ ಕೈಗಿಟ್ಟು ಸ್ಟೂಲು ಸರಿಸಿ ಕೊಟ್ಟ. ಕುಳಿತೆ.

ತಂತಿಗಳನ್ನು ಮೀಟಿದರು. ಖಾಲಿ ಕೊಡಕ್ಕೆ ಹನಿ ಬಿದ್ದವು. ಆಮೇಲೆ ಸನಾದಿ ಎದ್ದಿತು. ಆಕೆ ಹೇಳಿದ ಹಾಗೆಯೇ ತುಸು ತಗ್ಗು, ತುಸು ಮೆತ್ತಗೆ. ಇಷ್ಟು ವಯಸ್ಸಾದ ಮೇಲೆ ಮೊದಲ ಸಲ ಅದನ್ನು ಕೇಳಿದೆ. ಅಂಗಡಿಯ ಹೊರಗೆ ಟಂಟಂ ಆಟೋಗಳು ಹಾರ್ನು ಬಾರಿಸುತ್ತಿದ್ದವು. ನಾನು ಮುಂದೆ ಬಾಗಿ ಕುಳಿತಿದ್ದೆ. ಸನಾದಿ ಹೋಗುತ್ತ ಹೋಗುತ್ತ ಒಂದು ಕಡೆ ಉಸಿರು ತೆಗೆದುಕೊಳ್ಳಲು ನಿಂತಿತು. ಇಲ್ಲಿಯೇ ಎಂದು ನನಗೆ ಗೊತ್ತಾಯಿತು. ಉಸಿರು ಹಿಡಿದೆ.

ಯಾರೂ ಕೆಮ್ಮಲಿಲ್ಲ. ಸನಾದಿ ಮುಂದೆ ಹೋಯಿತು.

ಇನ್ನೊಂದು ಹಚ್ಚಿಸಿದೆ. ಮತ್ತೊಂದು. ಹಾಡು ಅದೇ, ಬಾರಿಸುವವರು ಬೇರೆ ಬೇರೆ. ಎಲ್ಲವೂ ಸ್ವಚ್ಛ. ಆಕೆಯ ಆ ಮನುಷ್ಯ ಯಾವುದರಲ್ಲಿಯೂ ಇರಲಿಲ್ಲ. ಅವನಿದ್ದದ್ದು ನನ್ನ ತೊಡೆಯ ಮೇಲಿದ್ದ ಪ್ಲೇಟಿನ ಅಂಚಿನಲ್ಲಿ, ಸೂಜಿ ನಿಲ್ಲದ ಕಡೆ.

"ಬರೋಬರಿ ಐತೇನ್ರಿ ಯಜ್ಜಾ? ಕೇಳಸ್ತ?" ಎಂದ ಹುಡುಗ.

ಅವನಿಗೆ ಹೌದೆಂದು ತಲೆಯಾಡಿಸಿದೆ. ಪ್ಲೇಟನ್ನು ಧೋತರದ ತುಂಡಿನಲ್ಲಿ ಸುತ್ತಿಕೊಂಡು ಎದ್ದೆ. ಬಸ್ಸಿನಲ್ಲಿ ಬಿಸಿಲು ಬೀಳದ ಮಗ್ಗುಲಿಗೆ ಕುಳಿತೆ.

ಇಲ್ಲ ಯಕ್ಕಾ. ಕೇಳಿಸಲಿಲ್ಲ. ಆವತ್ತೂ ಕೇಳಿಸಿರಲಿಲ್ಲ.