ತುಳಿಯುವ ಹಲಗೆಗೆ ಹಚ್ಚಿದ ಕುಂಕುಮ

ಅವತ್ತು ನಮ್ಮ ಓಣಿಗೆ ನಳ ಬರುವ ದಿನ. ಎದ್ದವಳೇ ಕೊಡಗಳನ್ನು ತುಂಬಿಟ್ಟು, ಅಂಗಳಕ್ಕೆ ನೀರು ಹಾಕಿ, ತಾಯಿ ಬನಶಂಕರಿಯ ಮುಂದೆ ದೀಪ ಹಚ್ಚಿದೆ. ಆಮೇಲೆ ಮಗ್ಗಕ್ಕೆ ಕುಂಕುಮ. ಅದು ದಿನಾ ನಮ್ಮ ಯಜಮಾನರು ಮಾಡುವ ಕೆಲಸ. ಅವರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದರು. ಅವರ ಬಟ್ಟೆ ಒಯ್ಯಲೆಂದು ನಾನು ಹಿಂದಿನ ಸಂಜೆ ಬೆಟಗೇರಿಯ ಮನೆಗೆ ಬಂದಿದ್ದೆ.

ಅವರ ಬಲಗಡೆಯ ಕಿಡ್ನಿಯಲ್ಲಿ ಗಡ್ಡೆ. ರೋಬೋಟಿನಿಂದ ಸಣ್ಣ ತೂತು ಮಾಡಿ ಗಡ್ಡೆಯನ್ನಷ್ಟೇ ತೆಗೆಯುತ್ತೇವೆ, ಆಗದಿದ್ದರೆ ಹೊಟ್ಟೆ ಕೊಯ್ದು ಇಡೀ ಕಿಡ್ನಿ ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ಇವರು ಕೇಳಿದ್ದು ಒಂದೇ ಮಾತು: "ಮತ್ತ ಮಗ್ಗಕ್ಕ ಕುಂಡ್ರಾಕ ಬರತೈತೇನ್ರಿ?"

"ನೋಡೋಣ್ರಿ" ಅಂದಿದ್ದರು ಡಾಕ್ಟರು.

ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಅಣ್ಣಿಗೇರಿ ದಾಟುವಾಗ ಅವನ ಕಾಲು ಕ್ಲಚ್ ಒತ್ತುವುದನ್ನು ನೋಡುತ್ತಿದ್ದವಳಿಗೆ ತಟ್ಟನೆ ನೆನಪಾಯಿತು. ಗಡಿಬಿಡಿಯಲ್ಲಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಇಳಿದು, ಕಾಲಿನಿಂದ ತುಳಿಯುವ ಹಲಗೆಗಳಿಗೂ ಕುಂಕುಮ ಹಚ್ಚಿ ಬಂದಿದ್ದೆ. ನಮ್ಮ ಮನೆತನದಲ್ಲಿ ಅದು ಸಲ್ಲದು. ಮೇಲಿನ ಚೌಕಟ್ಟಿಗೆ, ಲಾಳಿಗೆ, ಅಷ್ಟೇ. ಕಾಲಿಡುವ ಕಡೆ ದೇವಿಯನ್ನು ಕೂಡಿಸಬಾರದು ಎಂದು ಅತ್ತೆ ನಾನು ಮದುವೆಯಾಗಿ ಬಂದ ಹೊಸದರಲ್ಲೇ ಹೇಳಿಕೊಟ್ಟಿದ್ದರು. ಅವತ್ತೇ ಯಾಕೆ ಮರೆತೆ?

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಿದ್ದರು. ಮೈದುನ ಪ್ರಕಾಶ ಹೊರಗೆ ಕೂತಿದ್ದ. ಚಿಕ್ಕಂದಿನಲ್ಲಿ ಕಾನ್ವೆಂಟ್ ಶಾಲೆಯಲ್ಲಿ ಬಿದ್ದ ರೂಢಿ, ಬೆರಳಿಗೆ ಬೆರಳು ಹೆಣೆದು ಬೇಡಿಕೊಂಡೆ: ತಾಯೀ, ಡಾಕ್ಟರ ಕೈಯಲ್ಲಿ ನೀನಿರು.

ಮಧ್ಯಾಹ್ನ ನರ್ಸ್ ಹೊರಗೆ ಬಂದು, "ಗಡ್ಡಿ ದೊಡ್ಡ ರಕ್ತನಾಳಕ್ಕ ಹತ್ಕೊಂಡೈತ್ರಿ. ಕಿಡ್ನಿ ಉಳಿಸೂದು ಕಷ್ಟ ಆಗಬಹುದು" ಅಂದಳು.

"ಡಾಕ್ಟರ ಕೈ ಹೊಟ್ಟಿ ಒಳಗ ಐತೇನವಾ?" ಅಂತ ಕೇಳಿದೆ.

"ಇಲ್ರಿ ಅಕ್ಕಾರ, ಅವರು ಮೂಲ್ಯಾಗ ಬ್ಯಾರೆ ಕುಂತು ಮಷೀನ್ ನಡಸ್ತಾರ. ಪೇಶಂಟಿಗೆ ಮುಟ್ಟೂದು ಮಷೀನಿನ ಕೈ."

ನನಗೆ ದಿಕ್ಕೇ ತಿಳಿಯದಾಯಿತು. ಹಾಗಾದರೆ ತಾಯಿಯನ್ನು ಎಲ್ಲಿಗೆ ಕಳಿಸಲಿ ಎಂದು ಬಾಯಿಬಿಟ್ಟು ಅಂದೇಬಿಟ್ಟೆ.

"ಸುಮ್ನ ಕುಂಡ್ರಿ ವೈನಿ," ಅಂದ ಪ್ರಕಾಶ. "ಆಕಿಗೆ ನೀವು ವಿಳಾಸ ಬರಕೊಡಬೇಕೇನ?"

ಹೊತ್ತು ಇಳಿಯುವಾಗ ಬಾಗಿಲು ತೆರೆಯಿತು. ಡಾಕ್ಟರ ಮುಖ ನೋಡುವ ಧೈರ್ಯವಾಗದೆ ಕಾಲು ನೋಡಿದೆ. ಬರೀ ಕಾಲುಚೀಲ, ಬೂಟಿಲ್ಲ.

"ಗಡ್ಡಿ ಪೂರ್ತಿ ಬಂತ್ರಿ. ಕಿಡ್ನಿ ಉಳಿದೈತಿ. ಗಾಯ ಮಾಯ್ದ ಮ್ಯಾಲ ಮಗ್ಗಕ್ಕ ಕುಂಡ್ರಲಿ."

ಕೈ ಮುಗಿಯಬೇಕಾದವಳು ನಾನು ಕೇಳಿದ್ದು: "ಸರ್, ನಿಮ್ಮ ಬೂಟು?"

ಅವರು ನಕ್ಕರು. "ಕಾಲಿಂದನೂ ನಡಸಬೇಕ್ರಿ ಆ ಮಷೀನ. ಕೆಳಗ ತುಳಿಯೂ ಪೆಡಲ್ ಅದಾವ. ಬೂಟಿದ್ರ ಯಾವುದು ಒತ್ತೇನಿ ತಿಳಿಯಂಗಿಲ್ಲ."

ನಮ್ಮವರೂ ಕುಣಿಗೆ ಬರಿಗಾಲಲ್ಲೇ ಇಳಿಯುತ್ತಾರೆ.

ತಾಯಿಯನ್ನು ನಂಬಿದವರೇ, ಹಲಗೆಗೆ ಕುಂಕುಮ ಹಚ್ಚಿದ್ದು ನನ್ನ ತಪ್ಪೋ, ಅವಳೇ ನನ್ನ ಕೈಯಿಂದ ಮಾಡಿಸಿದ್ದೋ, ಇಂದಿಗೂ ನನಗೆ ತಿಳಿದಿಲ್ಲ. ಅತ್ತೆ ಹೇಳಿದ್ದೂ ಸುಳ್ಳಲ್ಲ. ನಾನು ಕೈಯಲ್ಲಿರು ಎಂದು ಬೇಡಿದೆ, ಅವಳು ಡಾಕ್ಟರ ಕಾಲ ಬುಡದಲ್ಲಿ ಕೂತು ಕಾಯ್ದಳು. ಇಷ್ಟು ಮಾತ್ರ ಗಟ್ಟಿಯಾಗಿ ನಂಬಿದ್ದೇನೆ. ಅವಳ ಉಪಕಾರ ದೊಡ್ಡದು.

ಅವತ್ತೇ ಸಂಜೆ ಪಕ್ಕದ ಮನೆಯ ರಾಜಾಬಿ ಫೋನ್ ಮಾಡಿದಳು. ನಮ್ಮ ಮನೆ ಕೀಲಿ ಅವಳ ಹತ್ತಿರವಿತ್ತು. ವಿಷಯ ಕೇಳಿ, "ಆತು ಬಿಡ್ರಿ, ಚಲೋ ಆತು" ಎಂದಳು. ಕೊಡ ಮುಚ್ಚಿದ್ದು, ಬೆಕ್ಕು ಓಡಿಸಿದ್ದು ಎಲ್ಲ ಹೇಳಿ, ಫೋನ್ ಇಡುವ ಮುಂಚೆ ಅಂದಳು:

"ಅಕ್ಕಾ, ಕುಣ್ಯಾಗ ಕಾಲಿಡೂ ಹಲಗಿಗೆ ಕುಂಕುಮ ಹತ್ತಿತ್ತು. ನಾ ಒರಸಲಿಲ್ಲ. ಅಣ್ಣಾರು ಬಂದು ತುಳದ್ರ ತಾನ ಹೋಗತೈತಿ."