ಮಾವನವರ ಹೆಬ್ಬೆರಳು, ಬೀಗರ ತುಪ್ಪ

ನಮ್ಮ ಮಾವನವರ ರಕ್ತಕ್ಕೆ ಕೆನೆ ಕಟ್ಟಿತ್ತು. ಕಣ್ಣಾರೆ ನೋಡಿದೆ.

ನಗಬೇಡಿ. ಲಿಂಗಸುಗೂರಿನ ದವಾಖಾನೆಯಲ್ಲಿ, ಹಾಡುಹಗಲೇ, ಗಾಜಿನ ಟ್ಯೂಬಿನಲ್ಲಿ.

ಮಾವನವರು ಮಸ್ಕಿಯವರು. ತಹಸೀಲ ಕಚೇರಿಯಲ್ಲಿ ಪೇಶ್ಕಾರಿಕೆ ಮಾಡಿ ಪೆನ್ಶನ್ ಹಿಡಿದವರು. ಶಕ್ಕರ್ ಬೀಮಾರಿ ಹತ್ತಿ ಬಹಳ ಕಾಲವಾಯಿತು. ಈಗ ಹೊಸ ಜೋಡು ಕಚ್ಚಿ ಕಾಲಿನ ಹೆಬ್ಬೆರಳಿಗೆ ಗಾಯ. ಏನು ಮಾಡಿದರೂ ಮಾಯಲೊಲ್ಲದು. ಸಕ್ಕರೆ ಇಳಿಯದಿದ್ದರೆ ಬೆರಳನ್ನೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ ದಿನದಿಂದ ಅತ್ತೆಯವರಿಗೆ ಊಟ ಸೇರುತ್ತಿರಲಿಲ್ಲ. (ಮಾವನವರಿಗೆ ಚೆನ್ನಾಗಿಯೇ ಸೇರುತ್ತಿತ್ತು.)

ಹೋದ ತಿಂಗಳು ನಾನೇ ಕರೆದುಕೊಂಡು ಹೋದೆ. ಡಾಕ್ಟರು ಮೂತ್ರವನ್ನು ನೀಲಿ ಔಷಧಿಯಲ್ಲಿ ಹಾಕಿ ಕುದಿಸಿದರು. ನೀಲಿ ಹೋಗಿ ಇಟ್ಟಿಗೆ ಕೆಂಪಾಯಿತು. ಸಕ್ಕರೆ ತುಂಬಿ ತುಳುಕುತ್ತಿದೆ ಎಂದರ್ಥ.

"ಪೇಶ್ಕಾರ್ ಸಾಹೇಬ್ರ, ಬೆಲ್ಲ ತಿಂತೀರೇನು?"

"ಮುಟ್ಟಿಲ್ರೀ! ಹೋಳಿಗಿ ಮಾಡಿದ ದಿನಾನೂ ಹೂರಣಾ ತಗದಿಟ್ಟು ಬರೇ ಕಣಕ ತಿಂದೀನಿ."

ಇನ್ಸುಲಿನ್ ಸೂಜಿಯೂ ನಡೆದಿತ್ತು. ಮತ್ತೇಕೆ ಇಳಿಯಲಿಲ್ಲ? ಡಾಕ್ಟರು ರಕ್ತ ತೆಗೆದು ಟ್ಯೂಬನ್ನು ನಿಲ್ಲಿಸಿಟ್ಟರು. ನಾವು ಹೊರಗೆ ಬೇವಿನ ಗಿಡದ ಕೆಳಗೆ ಕುಳಿತೆವು. ಕರೆದಾಗ ಒಳಗೆ ಹೋಗಿ ನೋಡಿದರೆ ಕೆಂಪೆಲ್ಲ ತಳಕ್ಕೆ ಇಳಿದಿದೆ, ಮೇಲೆ ಹಾಲಿನಂಥ ಬಿಳುಪು.

ಮಾವನವರ ಮುಖ ಅರಳಿತು. "ನೋಡಿದ್ರೇನ್ರೀ ಅಳಿಯಾರ? ಗುರುಗುಂಟಾದ ತುಪ್ಪ! ತಿಂದದ್ದು ದಂಡ ಆಗಿಲ್ಲ!"

ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. "ಅದು ತಾಕತ್ತಲ್ರೀ, ಕೊಬ್ಬು. ಸಕ್ಕರಿ ಹದ್ದಬಸ್ತಿನಾಗ ಇಲ್ಲಂದ್ರ ರಕ್ತದಾಗ ಕೊಬ್ಬೂ ಏರ್ತದ. ಅದರ ಮ್ಯಾಲೆ ನೀವು ತುಪ್ಪ ಸುರುವಿದ್ರ ಸೂಜಿಮದ್ದಿಂದೂ ನಡಿಯಂಗಿಲ್ಲ, ಸಕ್ಕರಿ ಮತ್ತ ಏರ್ತದ. ಒಂದಕ್ಕೊಂದು ಕುಮ್ಮಕ್ಕು."

ಇಷ್ಟು ತುಪ್ಪ ಬಂದದ್ದಾದರೂ ಎಲ್ಲಿಂದ? ನಮ್ಮ ಕಡೆಯ ರಿವಾಜು ನಿಮಗೆ ಗೊತ್ತೇ ಇದೆ. ಬೀಮಾರಿ ಬಿದ್ದವರನ್ನು ನೋಡಲು ಬರಿಗೈಯಲ್ಲಿ ಹೋಗುವಂತಿಲ್ಲ. ಮೊದಲು ಪೇಢೆ ಬರುತ್ತಿತ್ತು. ಸಕ್ಕರೆ ಬೇನೆ ಎಂದು ಸುದ್ದಿಯಾದ ಮೇಲೆ ನಂಟರೆಲ್ಲ ಶಾಣ್ಯಾರಾದರು, ತುಪ್ಪ ತಂದರು. ತುಪ್ಪವೇನು ಸಿಹಿಯೇ? ಗುರುಗುಂಟಾದಿಂದ ಮಾವನವರ ತಂಗಿ ಗಡಿಗೆ ತಂದಳು, ತುರ್ವಿಹಾಳದ ಸೋದರಳಿಯ ಡಬ್ಬಿ ಹೊತ್ತು ತಂದ. "ಪಾಪ, ಸಿಹಿ ಬಿಟ್ಟಾರ" ಎಂದು ಅತ್ತೆಯವರು ರೊಟ್ಟಿ ಮುರಿದು ಅದರಲ್ಲಿ ಮುಳುಗಿಸಿ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು, ಅದೇ ಫಜೀತಿ.

ಅಂದಿನಿಂದ ಮನೆಯಲ್ಲಿ ತುಪ್ಪ ಬಂದ್. ಮಾವನವರು ಹೆದರಿದ್ದರು. ಸುಳ್ಳೇಕೆ, ನಾನೂ ಹೆದರಿದ್ದೆ.

ಕಳೆದ ವಾರ ಸಿಂಧನೂರಿನ ಬೀಗರು ಬಂದರು, ಅಂದರೆ ಮಾವನವರ ಸೊಸೆಯ ತಂದೆ. ಜೊತೆಗೆ ಮತ್ತೊಂದು ಡಬ್ಬಿ. ಊಟಕ್ಕೆ ಕುಳಿತಾಗ ತಾವೇ ಎದ್ದು ಬಡಿಸಲು ಬಂದರು. ಮಾವನವರು ತಾಟಿನ ಮೇಲೆ ಕೈ ಅಡ್ಡ ಹಿಡಿದರು. ಬೀಗರೂಟದಲ್ಲಿ ಕೈ ಅಡ್ಡ ಬಂದರೆ ಏನರ್ಥ? ಇನ್ನಷ್ಟು ಹಾಕು ಎಂದು! ಬೀಗರು ಕೈಯ ಮೇಲೆಯೇ ಸುರಿದರು.

"ಡಾಕ್ಟರ್ ಬ್ಯಾಡಂದಾರ್ರೀ ಬೀಗರ."

"ನಮ್ಮ ಕೈ ತುಪ್ಪಾ ಬ್ಯಾಡನ್ನಾಕ ಆ ಡಾಕ್ಟರ್ ಯಾರ್ರೀ? ಅಂದ್ರ ನಿಮಗ ನಮ್ಮ ಬೀಗತನಾನ ಬ್ಯಾಡಾತೇನು?"

ಮಾವನವರು ಕೈ ಒರೆಸಿಕೊಂಡರು. ಪಟ್ಟಿ ಕಟ್ಟಿದ ಕಾಲನ್ನು ಬೀಗರ ಕಡೆಗೇ ಚಾಚಿದರು.

"ಬೆರಳು ಕತ್ತರಸೋ ದಿನಾ ಬರ್ರಿ. ಕಾಲು ಹಿಡಕೊಳ್ಳಾಕ ಒಬ್ಬರು ಬೇಕಾಗ್ತಾರ."

ಬೀಗರು ಎಲೆ ಅಡಿಕೆ ಮುಟ್ಟದೆ ಎದ್ದು ಹೋದರು. ಸೊಸೆ ಒಳಗೆ ಅತ್ತಳು. ನನಗೋ ಎದ್ದು ಮಾವನವರನ್ನು ಅಪ್ಪಿಕೊಳ್ಳುವಷ್ಟು ಖುಷಿ.

ಈಗ ಗಾಯದ ಅಂಚು ಒಣಗತೊಡಗಿದೆ. ಸಿಂಧನೂರಿನಿಂದ ಹೇಳಿಕೆಯೂ ಬಂದಿದೆ, ಮಾವನವರು ಮಾಫಿ ಕೇಳಬೇಕಂತೆ. ರೋಗಿಗೆ ಪಥ್ಯ ಹೇಳಲು ಡಾಕ್ಟರಿದ್ದಾರೆ, ಬೀಗರಿಗೆ ಹೇಳುವವರು ಯಾರು?