ತೊಳೆದ ಹೋಳಿಗೆ

ನನ್ನ ಅಕ್ಕ ಹೋಳಿಗೆಯನ್ನು ತೊಳೆದು ತಿಂದಳು.

ಹೌದು, ತೊಳೆದು. ಎಲೆಯ ಪಕ್ಕದಲ್ಲಿ ಬಿಸಿನೀರಿನ ಬಟ್ಟಲನ್ನಿಟ್ಟುಕೊಂಡು, ತುಪ್ಪ ಸುರಿದ ಹೋಳಿಗೆಯ ತುಣುಕನ್ನು ಅದರಲ್ಲಿ ಅದ್ದಿ, ಬೆರಳಿನಿಂದ ಮೆಲ್ಲಗೆ ತೀಡಿ, ಹಿಂಡಿ, ಬಾಯಿಗಿಟ್ಟುಕೊಂಡಳು. ಹೋಳಿಗೆಯನ್ನು ಹಾಲಿನಲ್ಲಿ ಅದ್ದುವವರನ್ನು ಕಂಡಿದ್ದೇನೆ. ಮಾವಿನ ಸೀಕರಣೆಯಲ್ಲಿ ಅದ್ದುವವರನ್ನು ಕಂಡಿದ್ದೇನೆ. (ಕಟ್ಟಿನ ಸಾರಿನಲ್ಲಿ ಅದ್ದುವ ಮಹನೀಯರೊಬ್ಬರು ನಮ್ಮ ಕೊಪ್ಪಳದಲ್ಲಿದ್ದಾರೆ, ಅವರ ರುಚಿ ಅವರಿಗೆ.) ನೀರಿನಲ್ಲಿ ಅದ್ದುವವರನ್ನು ಈ ಇಳಿವಯಸ್ಸಿನವರೆಗೂ ಕಂಡಿರಲಿಲ್ಲ.

ಇದು ನಡೆದದ್ದು ಕುಷ್ಟಗಿಯಲ್ಲಿ, ಅಕ್ಕ ನೀಲಮ್ಮನ ಮನೆಯಲ್ಲಿ. ಆಕೆಯ ಮೊಮ್ಮಗಳು ಪಲ್ಲವಿಯ ಮದುವೆ ನಿಶ್ಚಯವಾಗಿತ್ತು. ಮದುವೆಗೆ ಮುಂಚೆ ಮನೆದೇವರಿಗೆ ನೈವೇದ್ಯ ಮಾಡಿ ಬಂಧುಗಳಿಗೆ ಉಣಬಡಿಸುವುದು ನಮ್ಮಲ್ಲಿ ರೂಢಿ. ನಾನು ಸೊಸೆ ವಿಜಯಾಳೊಂದಿಗೆ ಕೊಪ್ಪಳದಿಂದ ಹೋಗಿದ್ದೆ. ಲಿಂಗಪೂಜೆ ಮುಗಿಸಿ ಎಲ್ಲರೂ ಪಂಕ್ತಿಯಲ್ಲಿ ಕುಳಿತಿದ್ದಾಗ ಈ ದೃಶ್ಯ.

“ಇದೇನ ಅಕ್ಕಾ ಇದು?”

“ಪ್ರಸಾದ ಬಿಡಾಕ ಬರೂದಿಲ್ಲ. ತುಪ್ಪ ಉಣ್ಣಾಕ ಬರೂದಿಲ್ಲ. ಮತ್ತೇನ್ ಮಾಡ್ಲಿ ತಮ್ಮಾ?”

ಎದುರು ಸಾಲಿನಲ್ಲಿದ್ದ ಭಾವನವರು ಸುಮ್ಮನಿರುವವರೇ? ದಾಳಿಂಬೆ ತೋಟ ಮಾಡಿಕೊಂಡಿರುವ ಅವರಿಗೆ ನನ್ನ ಸಂಸ್ಕೃತ ಪಾಠಶಾಲೆಯ ವಿದ್ಯೆ ಎಂದರೆ ಮೊದಲಿನಿಂದಲೂ ಒಂದು ತಮಾಷೆ. “ನೋಡ್ರಿ ಶಾಸ್ತ್ರಿಗಳ, ನಾಳೆ ಉಪ್ಪಿನಕಾಯೀನೂ ತೊಳೀತಾಳ ಈಕಿ. ನನ್ನ ಧೋತರ ತೊಳ್ಯಾಕ ಮಾತ್ರ ಪುರಸೊತ್ತಿಲ್ಲ” ಎಂದರು.

“ಹೊಟ್ಟಿ ಕೊಯ್ಸಿಕೊಂಡಾಕಿ ನಾನು. ನಗೂದು ನಿಮಗ ಸಸಾರ” ಎಂದಳು ಅಕ್ಕ. ಪಂಕ್ತಿ ನಕ್ಕಿತು. ಅಕ್ಕ ನಗಲಿಲ್ಲ.

ನಾನೂ ನಗಲಿಲ್ಲ. ಏಕೆಂದರೆ ಆ ಬಟ್ಟಲಿನ ನೀರಿನ ಮೇಲೆ ತೇಲುತ್ತಿದ್ದದ್ದು ಯಾರದೋ ತುಪ್ಪವಲ್ಲ, ನೀಲಕ್ಕನ ತುಪ್ಪ. ನಮ್ಮ ಬಳಗದ ಯಾವ ಮದುವೆಯಲ್ಲೇ ಆಗಲಿ, ಪಂಕ್ತಿಗೆ ತುಪ್ಪ ಬಡಿಸುವ ಹಕ್ಕು ಆಕೆಯದು. ಎಡಗೈಯಲ್ಲಿ ತಂಬಿಗೆ, ಬಲಗೈಯಲ್ಲಿ ತುಪ್ಪ ಸುರಿಯುವ ಪುಟ್ಟ ಹಿತ್ತಾಳೆ ಮಿಳ್ಳೆ. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದಲೇ ಬಡಿಸಿಬಿಡುವ ಕೈಚಳಕ! ಯಲಬುರ್ಗಾದಿಂದ ಗಂಗಾವತಿಯವರೆಗೆ ಎಷ್ಟು ಅಂಗೈಗಳು ಆಕೆಯ ತುಪ್ಪಕ್ಕೆ ಸೋತಿವೆಯೋ, ದೇವರೇ ಬಲ್ಲ.

ಅಂಥವಳಿಗೆ ಕಳೆದ ವರ್ಷ ಬಲಪಕ್ಕೆಯ ಕೆಳಗೆ ನೋವು ಬಂತು. ಪಿತ್ತಕೋಶದಲ್ಲಿ ಕಲ್ಲು. ವೈದ್ಯರು ಕೋಶವನ್ನೇ ತೆಗೆದುಹಾಕಿದರು. ಅಕ್ಕ ಗುಣವಾಗಿ ಮನೆಗೆ ಬಂದಳು. “ಕೆಲವು ವಾರ ಎಣ್ಣೆ, ತುಪ್ಪ ಕಡಿಮೆ ಮಾಡಿರಿ” ಎಂದಿದ್ದರಂತೆ. ವಾರಗಳು ಮುಗಿದವು. ಪಥ್ಯ ಮುಗಿಯಲಿಲ್ಲ.

ಕಾರಣ, ಮನೆಯವರೆಲ್ಲರೂ ಒಮ್ಮತದಿಂದ ಮಾಡಿಕೊಂಡ ಒಂದು ತೀರ್ಮಾನ: ಪಿತ್ತಕೋಶ ಹೋಯಿತೆಂದರೆ ಪಿತ್ತವೂ ಹೋಯಿತು. ಪಿತ್ತವೇ ಇಲ್ಲದವಳಿಗೆ ತುಪ್ಪ ಹೇಗೆ ಅರಗೀತು? ಅಕ್ಕ ತನ್ನ ಮಿಳ್ಳೆಯನ್ನು ತೊಳೆದು, ಒರೆಸಿ, ದೇವರ ಜಗಲಿಯ ಮೇಲಿಟ್ಟು ಕೈಮುಗಿದಳು. “ಇವತ್ತಿಂದ ಬಿಟ್ಟೆ” ಎಂದಳು. ಪಥ್ಯವಾಗಿದ್ದದ್ದು ವ್ರತವಾಯಿತು.

ಅದೂ ಇರಲಿ. ಆದರೆ ಮದುವೆಯಲ್ಲಿ ಭೂಮದ ಊಟವಿದೆಯಲ್ಲ! ವಧೂವರರು ಹತ್ತಿರದ ಬಂಧುಗಳೊಡನೆ ಒಂದೇ ದೊಡ್ಡ ಹರಿವಾಣದ ಸುತ್ತ ಕುಳಿತು ಉಣ್ಣುವ ಶಾಸ್ತ್ರ ಅದು. ನಮ್ಮ ಮನೆತನದಲ್ಲಿ ಹಿರಿಯ ಮುತ್ತೈದೆ ತುಪ್ಪ ಸುರಿದ ಹೋಳಿಗೆಯ ಮೊದಲ ತುತ್ತನ್ನು ತಾನು ಉಂಡು, ಎರಡನೆಯದನ್ನು ಮದುಮಕ್ಕಳಿಗೆ ಉಣಿಸಬೇಕು. ತಾನು ಉಣ್ಣದೆ ಉಣಿಸುವಂತಿಲ್ಲ. ಆ ಹಿರಿಯ ಮುತ್ತೈದೆ ಈಗ ನೀಲಕ್ಕ.

“ಅಜ್ಜಿ, ನೀ ಕುಂದರಲಿಲ್ಲಂದ್ರ ನಾನೂ ಭೂಮಕ್ಕ ಕುಂದರಂಗಿಲ್ಲ” ಎಂದಳು ಪಲ್ಲವಿ. ಆ ಮಾತು ಅಂದೇ ಮೊದಲಲ್ಲವೆಂದು ಆಕೆಯ ಧ್ವನಿಯೇ ಹೇಳುತ್ತಿತ್ತು.

“ಹಂಗ ಅನಬಾರದವ್ವಾ. ನಿಮ್ಮ ದೊಡ್ಡವ್ವ ಕುಂದರ್ತಾಳ.”

“ದೊಡ್ಡವ್ವ ಬ್ಯಾಡ. ನೀನ ಬೇಕು.”

“ತುತ್ತು ಇಟಗೊಂಡು ಮಂಟಪದಾಗ ಹೊಟ್ಟಿ ಹಿಡಕೊಂಡು ಬಿದ್ರ? ಬೀಗರ ಮುಂದ, ನಿನ್ನ ಶುಭಕಾರ್ಯದಾಗ?” ಅಕ್ಕನ ಕಣ್ಣುಗಳು ತುಂಬಿದವು. ಆಕೆ ಹೆದರಿದ್ದು ನೋವಿಗಲ್ಲ. ತನ್ನಿಂದ ಮೊಮ್ಮಗಳ ಮಂಗಲಕಾರ್ಯಕ್ಕೆ ವಿಘ್ನವಾದೀತೆಂಬುದಕ್ಕೆ.

ಆಗ ವಿಜಯಾ ಎದ್ದು ಬಂದು ಅಕ್ಕನ ಪಕ್ಕದಲ್ಲಿ ಕುಳಿತಳು.

ನನ್ನ ಸೊಸೆಯ ಕುರಿತು ಎರಡು ಮಾತು ಹೇಳಲೇಬೇಕು. (ಮಾವನಾದವನು ಸೊಸೆಯನ್ನು ಪತ್ರಿಕೆಯಲ್ಲಿ ಹೊಗಳುವುದು ಸಂಪ್ರದಾಯವಲ್ಲ ಎಂಬುದನ್ನು ಬಲ್ಲೆ. ಆದರೂ ಹೊಗಳುತ್ತೇನೆ.) ಯಲಬುರ್ಗಾ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಮನೆಯಲ್ಲಿ ಮಿತಭಾಷಿ. ಕಲಿಸುವ ಸಂದರ್ಭ ಬಂದರೆ ಮಾತ್ರ ಆಕೆಯ ಬೆನ್ನು ನೆಟ್ಟಗಾಗುತ್ತದೆ.

“ಅತ್ತಿ, ಈ ಬಟ್ಟಲದಾಗ ಏನ್ ಕಾಣತೈತಿ?”

“ತುಪ್ಪದ ಕಣ್ಣು.”

“ನೀರಾಗ ಯಾಕ ಕರಗಿಲ್ಲ?”

“ತುಪ್ಪ ನೀರಾಗ ಎಲ್ಲಿ ಕರಗತೈತವಾ, ಹುಚ್ಚಿ!”

“ಹಂಗಾರ ತುಪ್ಪದ ತಂಬಿಗಿ ಹೆಂಗ ತಿಕ್ತೀರಿ?”

“ಸೀಗಿಪುಡಿ ಹಾಕಿ.”

ವಿಜಯಾ ಬಚ್ಚಲಿನಿಂದ ಒಂದು ಚಿಟಿಕೆ ಸೀಗೆಪುಡಿ ತರಿಸಿ ಬಟ್ಟಲಿಗೆ ಹಾಕಿ ಬೆರಳಿನಿಂದ ಕಲಕಿದಳು. ಬಂಗಾರದ ಬೊಟ್ಟುಗಳಂತೆ ತೇಲುತ್ತಿದ್ದ ತುಪ್ಪದ ಕಣ್ಣುಗಳು ಒಡೆದು, ಚೂರಾಗಿ, ನೀರೆಲ್ಲ ಮಬ್ಬಾಯಿತು. ಊಟ ಮುಗಿಸಿದವರು ಕೈ ತೊಳೆಯುವುದನ್ನೂ ಮರೆತು ಸುತ್ತ ನಿಂತಿದ್ದರು.

“ಪಿತ್ತರಸ ಮಾಡೂದು ಇಷ್ಟ ನೋಡ್ರಿ. ಕೊಬ್ಬನ್ನ ಒಡದು ಸಣ್ಣ ಸಣ್ಣ ಹನಿ ಮಾಡತೈತಿ. ಅರಗಸೂದು ಅದರ ಕೆಲಸಲ್ಲ. ಅರಗಸಾಕ ಕಿಣ್ವ ಬ್ಯಾರೆ ಅದಾವು, ಮೇದೋಜೀರಕ ಗ್ರಂಥಿಯಿಂದ ಬರತಾವು. ಹನಿ ದೊಡ್ಡದಿದ್ರ ಅವಕ್ಕ ಮ್ಯಾಲಿಂದಷ್ಟ ಸಿಗತೈತಿ. ಒಡದು ಕೊಟ್ರ ಪೂರಾ ಸಿಗತೈತಿ.”

ಅಕ್ಕ ಬಟ್ಟಲನ್ನೇ ನೋಡುತ್ತ ಕೇಳಿದಳು: “ಅದ ಅಲ್ಲವಾ ನಾ ಹೇಳೂದು? ನನ್ನ ಹೊಟ್ಟ್ಯಾಗಿನ ಸೀಗಿಪುಡಿ ಡಬ್ಬೀನ ತಗದು ಒಗದಾರಲ್ಲ!”

ಎಂಥ ಪ್ರಶ್ನೆ! ನನಗೆ ಅಕ್ಕನ ಬಗ್ಗೆ ಹೆಮ್ಮೆಯಾದದ್ದು ಆಗಲೇ.

“ಡಬ್ಬಿ ತಗದಾರ, ಪುಡಿ ಮಾಡೂ ಗಿರಣಿ ತಗದಿಲ್ಲ” ಎಂದಳು ವಿಜಯಾ. “ಪಿತ್ತ ಹುಟ್ಟೂದು ಯಕೃತ್ತಿನ್ಯಾಗ. ಕೋಶ ಬರೇ ಕೂಡಿಡೂ ಜಾಗ.” ಬಳಿಕ ಭಾವನವರ ಕಡೆಗೆ ತಿರುಗಿದಳು. “ಮಾವಾರ, ತೋಟದಾಗ ಹೊಂಡ ಯಾಕ ಮಾಡೀರಿ?”

“ಬೋರಿನ ನೀರು ಸಣ್ಣಗ ಬರತೈತಿ. ಹೊಂಡದಾಗ ತುಂಬಿಟ್ಟು, ಬೇಕಾದಾಗ ಒಮ್ಮಿಗೇ ಬಿಡತೇವಿ.”

“ಹೊಂಡ ಕೆಟ್ರ?”

“ಕೆಟ್ಟಿತ್ತಲ್ಲ! ಬ್ಯಾಸಿಗ್ಯಾಗ ಹೊಂಡದ ಪ್ಲಾಸ್ಟಿಕ್ ಹಾಳಿ ಹರದಿತ್ತು. ಬೋರಿಂದ ಸೀದಾ ಡ್ರಿಪ್ಪಿಗೆ ಕೊಟ್ವಿ.”

“ಗಿಡ ಒಣಗಿದವೇನು?”

“ಯಾಕ ಒಣಗತಾವ? ಹಣ್ಣು ಕಾಣಲಿಲ್ಲೇನು ನಿನಗ?” ಎಂದರು ಭಾವನವರು, ತಮ್ಮ ದಾಳಿಂಬೆಗೆ ಅವಮಾನವಾದಂತೆ.

“ಸುಳ್ಳ ಹೇಳಬ್ಯಾಡ್ರಿ” ಎಂದು ಅಕ್ಕ ನಡುವೆ ಬಾಯಿಹಾಕಿದಳು. “ಪೂರಾ ತೋಟಕ್ಕ ಒಮ್ಮಿಗೇ ಎಲ್ಲಿ ಸಾಲ್ತು? ಒಂದೊಂದ ಸಾಲಿಗೆ, ಸ್ವಲ್ಪ ಸ್ವಲ್ಪ ಬಿಟ್ವಿ.”

ಹೇಳಿದವಳು ಬಟ್ಟಲನ್ನೊಮ್ಮೆ ನೋಡಿದಳು. ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡಳು.

ವಿಜಯಾ ಪಾಠವನ್ನು ಅಲ್ಲಿಗೆ ಮುಗಿಸಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಒಳ್ಳೆಯ ಶಿಕ್ಷಕಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿರುತ್ತದೆ.

ನಾನು ಓದಿದ್ದು ಸಂಸ್ಕೃತ ಪಾಠಶಾಲೆಯಲ್ಲಿ. ಊಟದ ಮೊದಲ ತುತ್ತನ್ನು ಮಾತಿಲ್ಲದೆ, ಅದು ಸಿಹಿಯಾಗುವವರೆಗೆ ಅಗಿಯಬೇಕೆಂದು ಗುರುಗಳು ವಿಧಿಸಿದ್ದರು. ಒಣ ಜೋಳದ ರೊಟ್ಟಿ ಎಲ್ಲಿಂದ ಸಿಹಿಯಾದೀತು? ಆಗುತ್ತದೆ. ಅಗಿಯುತ್ತ ಹೋದರೆ ಆಗಿಯೇ ಆಗುತ್ತದೆ. ಒಡಲೊಳಗಿನ ವೈಶ್ವಾನರನಿಗೆ ಇದು ಆಹುತಿ ಎಂದು ಗುರುಗಳು ಹೇಳುತ್ತಿದ್ದರು. ಲಾಲಾರಸದ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ ಎಂದು ವಿಜಯಾ ಹೇಳುತ್ತಾಳೆ. ನಮ್ಮ ಪೂರ್ವಿಕರಿಗೆ ಕಿಣ್ವಗಳೆಲ್ಲ ತಿಳಿದಿದ್ದವು ಎಂದು ನಾನು ಎದೆ ತಟ್ಟಿಕೊಳ್ಳಲಾರೆ, ಅದು ಸುಳ್ಳಾಗುತ್ತದೆ. ಅವರಿಗೆ ಆ ಸಿಹಿ ತಿಳಿದಿತ್ತು. ಅದರ ಕಾರಣ ನನ್ನ ಸೊಸೆಗೆ ತಿಳಿದಿದೆ. ಇವೆರಡೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೆ ಯಾರ ಮಡಿ ಕೆಟ್ಟೀತು?

ಸ್ವಲ್ಪ ಯೋಚಿಸಿ ನೋಡಿ. ನಾವು ಉಂಡು, ಕೈ ತೊಳೆದು, ಪೇಪರ್ ಹಿಡಿದು ಕುಳಿತುಬಿಡುತ್ತೇವೆ. ಒಳಗೆ ಬಾಯಿಯ ಕೆಲಸವನ್ನು ಜಠರ ಮುಂದುವರಿಸುತ್ತದೆ. ಬೇಳೆಯ ಪ್ರೋಟೀನನ್ನು ಆಮ್ಲದಲ್ಲಿ ನೆನೆಸಿ ಬಿಡಿಸತೊಡಗುತ್ತದೆ. ಸಣ್ಣಕರುಳಿಗೆ ಬಂದೊಡನೆ ಆ ಹುಳಿಯನ್ನು ಶಮನಮಾಡಲು ರಸಗಳು ಇಳಿಯುತ್ತವೆ. ತುಪ್ಪ ಬಂತೆಂಬ ಸುದ್ದಿ ಪಿತ್ತಕೋಶಕ್ಕೆ ಮುಟ್ಟುತ್ತದೆ. ಯಾರು ಕರೆದರು? ಯಾರು ಕಳುಹಿಸಿದರು? ಒಬ್ಬರು ಮುಗಿಸುವ ಹೊತ್ತಿಗೆ ಇನ್ನೊಬ್ಬರು ಬಂದು ನಿಂತಿರುತ್ತಾರೆ. ಒಂದು ಅಂಗವನ್ನು ತೆಗೆದರೂ ಉಳಿದವು ಮುನಿಸಿಕೊಂಡು ಕೂರುವುದಿಲ್ಲ. ಹನಿ ಹನಿಯಾಗಿ ಸೇವೆ ಮುಂದುವರಿಯುತ್ತದೆ. ಇಂಥ ಅಡುಗೆಮನೆಯನ್ನು ಒಳಗಿಟ್ಟುಕೊಂಡು ತಿರುಗಾಡುತ್ತಿದ್ದೇವಲ್ಲ, ಹೆಮ್ಮೆಪಡದೆ ಇರುವುದು ಹೇಗೆ?

ಮತ್ತೆ ಅಕ್ಕನ ಬಳಿಗೆ ಬರೋಣ. ಅಂಜಿಕೆಯ ಅರ್ಧಭಾಗ ಹೋಗಿತ್ತು. ವ್ರತ ಉಳಿದಿತ್ತು.

“ದೇವರ ಮುಂದ ಇಟ್ಟು ಬಿಟ್ಟೀನಿ ತಮ್ಮಾ. ಈಗ ಹೆಂಗ ತಗೊಳ್ಳಿ?”

ಇದು ವಿಜಯಾಳ ಪಾಠಕ್ಕೆ ಸೇರಿದ್ದಲ್ಲ, ನನಗೆ ಬಿಟ್ಟದ್ದು. ನಾನು ನಿಧಾನವಾಗಿಯೇ ಹೇಳಿದೆ. “ಅಕ್ಕಾ, ಪ್ರೀತಿಯಿಂದ ಬಿಟ್ಟಿದ್ರ ಅದು ದೇವರಿಗೆ ಸಲ್ಲತಿತ್ತು. ನೀ ಬಿಟ್ಟಿದ್ದು ಹೆದರಿ. ಹೆದರಿಕೀನ ದೇವರ ಜಗಲಿ ಮ್ಯಾಲ ಎಷ್ಟು ದಿನ ಇಡತಿ? ಮಿಳ್ಳಿಗಿ ಕೈಮುಗದು ಇಳಿಸಿಕೋ.”

“ದೋಷ ಬಂದ್ರ?”

“ನನಗ ಬರಲಿ.”

ಭಾವನವರು ನನ್ನತ್ತ ತಿರುಗಿದರು. “ಶಾಸ್ತ್ರಿಗಳ, ಇಷ್ಟು ವರ್ಷದಾಗ ನಿಮ್ಮ ವಿದ್ಯಾ ಇವತ್ತ ನಮ್ಮನಿಗೆ ಉಪಯೋಗಾತು ನೋಡ್ರಿ.”

ಮರುದಿನ ವಿಜಯಾಳ ಒತ್ತಾಯದ ಮೇರೆಗೆ ಅಕ್ಕ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಹೋಗಿ ಕಂಡಳು. ಅವರು ಪರೀಕ್ಷಿಸಿ, “ಇನ್ನೂ ಪಥ್ಯದಾಗ ಅದೀರೇನು? ಸ್ವಲ್ಪ ಸ್ವಲ್ಪ ಶುರು ಮಾಡ್ರಿ ಅಮ್ಮಾ” ಎಂದರಂತೆ. (ಓದುಗರು ನನ್ನ ಅಂಕಣ ಓದಿ ತುಪ್ಪದ ತಂಬಿಗೆಗೆ ಕೈಹಾಕಬಾರದು. ನಿಮ್ಮ ನಿಮ್ಮ ವೈದ್ಯರನ್ನು ಕೇಳಿರಿ. ನಾನು ಶಾಸ್ತ್ರಿ, ಸರ್ಜನ್ ಅಲ್ಲ.) ಅಂದಿನಿಂದ ಅಕ್ಕ ಊಟಕ್ಕೆ ನಾಲ್ಕು ಹನಿಯಿಂದ ಆರಂಭಿಸಿದಳು. ದಿನವೂ ಫೋನ್ ಬರುತ್ತಿತ್ತು. ನನಗಲ್ಲ, ವಿಜಯಾಳಿಗೆ. “ಇವತ್ತ ಅರ್ಧ ಚಮಚ ಬಿಟ್ಟೆ, ಬೋರು ಛಲೋ ನಡದೈತಿ” ಎಂಬ ವರದಿ.

ಮದುವೆ ಗಂಗಾವತಿಯಲ್ಲಿ, ಗಂಡಿನವರ ಊರಿನಲ್ಲಿ. ಕಾಲುವೆ ನೀರಿನ, ಬತ್ತದ ಗದ್ದೆಗಳ ಸೀಮೆ. ಅನ್ನಕ್ಕೆ ಕೊರತೆಯಿಲ್ಲದ ಪಂಕ್ತಿಗಳು. ಅಕ್ಷತೆ ಮುಗಿಯಿತು. ಹರಿವಾಣ ಬಂತು. ಪಲ್ಲವಿ ಅಜ್ಜಿಯ ಸೆರಗನ್ನು ಹಿಡಿದೇ ಕುಳಿತಿದ್ದಳು.

ಅಕ್ಕ ಮಿಳ್ಳೆಯಿಂದ ತುಪ್ಪ ಸುರಿದಳು. ಎಂದಿನ ಧಾರೆಯಲ್ಲ, ಅಳತೆ ಬಲ್ಲವಳ ಧಾರೆ. ತುತ್ತು ಮುರಿದಳು, ಕಣ್ಣು ಮುಚ್ಚಿದಳು, ಬಾಯಿಗಿಟ್ಟಳು. ನಮ್ಮ ಕಡೆಯವರೆಲ್ಲ ಕತ್ತು ಉದ್ದಮಾಡಿ ನೋಡಿದರು. ಭಾವನವರಂತೂ ಕುಳಿತಲ್ಲಿಂದ ಅರ್ಧ ಎದ್ದಿದ್ದರು. ಅಕ್ಕ ಆ ತುತ್ತನ್ನು ಅವಸರವಿಲ್ಲದೆ, ಪೂರ್ತಿ ಅಗಿದು ನುಂಗಿದಳು. ಎರಡನೆಯ ತುತ್ತು ಮೊಮ್ಮಗಳ ಬಾಯಿಗೆ ಹೋದಾಗ ಹುಡುಗಿ ಅತ್ತು, ನಕ್ಕು, ತುಪ್ಪವನ್ನೆಲ್ಲ ಗಲ್ಲಕ್ಕೆ ಹಚ್ಚಿಕೊಂಡಳು.

ಏನೂ ಆಗಲಿಲ್ಲ. ಮಂಟಪದಲ್ಲಿ ಯಾರೂ ಹೊಟ್ಟೆ ಹಿಡಿದುಕೊಳ್ಳಲಿಲ್ಲ.

(ಆ ರಾತ್ರಿ ಓಮಕಾಳು ಅಗಿಯುತ್ತ ಕುಳಿತವನು, ಪಿತ್ತಕೋಶ ಸುರಕ್ಷಿತವಾಗಿರುವ ನಾನು. ನಾಲ್ಕು ಹೋಳಿಗೆ. ಈ ವಿಷಯ ಇಲ್ಲಿಗೇ ಇರಲಿ.)

ದೊಡ್ಡ ಪಂಕ್ತಿ ಕುಳಿತಾಗ ಅಕ್ಕ ಸೆರಗು ಸಿಕ್ಕಿಸಿ ಎದ್ದಳು. ಎಡಗೈಯಲ್ಲಿ ತಂಬಿಗೆ, ಬಲಗೈಯಲ್ಲಿ ಮಿಳ್ಳೆ. ಒಂದು ವರ್ಷ ಜಗಲಿಯ ಮೇಲೆ ಕುಳಿತಿದ್ದ ಹಿತ್ತಾಳೆ ಆ ದಿನ ಹೊಳೆಯುತ್ತಿತ್ತು. ಸಾಲಿನ ಕೊನೆಯಲ್ಲಿ ವರನ ತಂದೆ, ನಮ್ಮ ಹೊಸ ಬೀಗರು, ಎರಡೂ ಅಂಗೈಗಳನ್ನು ಎಲೆಗೆ ಅಡ್ಡ ಹಿಡಿದು, “ಸಾಕ್ರಿ ಅಮ್ಮಾರ, ತುಪ್ಪ ಉಂಡ್ರ ನನಗ ಪಿತ್ತ ಆಗತೈತಿ” ಎಂದರು.

ಅಕ್ಕ ಅವರ ಬೆರಳುಗಳ ಸಂದಿಯನ್ನು ಒಂದು ಕ್ಷಣ ನೋಡಿದಳು.

“ಬೀಗರ, ಪಿತ್ತದ ಚೀಲ ಇಲ್ಲದಾಕಿ ನಾನ ಉಂಡು ಬಂದೀನಿ; ಚೀಲ ಇಟಗೊಂಡು ನೀವ್ಯಾಕ ಅಂಜತೀರಿ?”